ಬೆಟ್ಟದ ಮೇಲೆ ಎಂಟು, ಕಡಲ ಬದಿಯಲ್ಲಿ ಹತ್ತೂವರೆ

ಅಭಾ, 29 ಏಪ್ರಿಲ್ 1986

ಪ್ರೀತಿಯ ಅಕ್ಕ ಘಾಲಿಯಾ,

ಅಮ್ಮ, ಆಡುಗಳು, ದಾಳಿಂಬೆ ಗಿಡ ಎಲ್ಲ ಕ್ಷೇಮ. ನೀನು ಕೇಳುವ ಮೊದಲೇ ಹೇಳಿ ಮುಗಿಸಿದೆ, ಯಾಕೆಂದರೆ ಬೇರೆ ಸುದ್ದಿ ಹೇಳದೆ ನನಗೆ ತಡೆಯಲಾಗುತ್ತಿಲ್ಲ. ಕೂರಿಸಿಬಿಟ್ಟೆ ಅಕ್ಕ! ಅಪ್ಪನ ಕ್ಯಾಪ್ರಿಸ್ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಿಬಿಟ್ಟೆ! ಎಂಜಿನ್ನಿನ ನೆತ್ತಿಯ ಮೇಲೆ ಎಷ್ಟು ಚೆಂದ ಕೂತಿದೆ ಎಂದರೆ, ನಿನ್ನೆಯಿಂದ ಹದಿನೈದು ಸಲ ಬಾನೆಟ್ ಎತ್ತಿ ನೋಡಿದ್ದೇನೆ. ಎಂಜಿನ್ ತಿರುಗಿದರೆ ಬೆಲ್ಟು ಅದನ್ನು ತಿರುಗಿಸುತ್ತದೆ, ಅದು ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನ ಹೊಟ್ಟೆಗೆ ತುಂಬುತ್ತದೆ. ಆ ಒತ್ತಡಕ್ಕೆ ಬೂಸ್ಟ್ ಅನ್ನುತ್ತಾರೆ. ಅದನ್ನು ತೋರಿಸಲು ಸ್ಟೀರಿಂಗ್ ಪಕ್ಕ ಒಂದು ಪುಟ್ಟ ಮೀಟರ್ ಹಾಕಿದ್ದೇನೆ. ಕಾಲು ಒತ್ತಿದರೆ ಮುಳ್ಳು ಜಿಗಿಯುತ್ತದೆ, ನನ್ನ ಬೆನ್ನು ಸೀಟಿಗೆ ಅಂಟುತ್ತದೆ!

ಆದರೆ ಒಂದು ಮೋಸವಾಗಿದೆ. ಜೆದ್ದಾದ ಬಾವಜೀರ್ ಅಂಗಡಿಯವನು ಡಬ್ಬಿಯ ಮೇಲೆ ತೋರಿಸಿದ್ದು ಏಳು ಪೌಂಡ್ ಬೂಸ್ಟ್. ನನ್ನ ಮುಳ್ಳು ಐದು ದಾಟುತ್ತಿಲ್ಲ. ತಲೆ ಕೆಳಗೆ ಮಾಡಿದರೂ ಐದೇ. ಹಳೇ ಸರಕನ್ನು ಬಣ್ಣ ಹೊಡೆದು ಕೊಟ್ಟಿದ್ದಾನೆ. ನೀನು ಅಲ್ಲೇ ಇದ್ದೀಯಲ್ಲ, ಭಾವನನ್ನು ಕಳಿಸಿ ಅವನಿಗೆ ಸರಿಯಾಗಿ ಛೀಮಾರಿ ಹಾಕಿಸು.

ಇದು ಆಟವಲ್ಲ ಅಕ್ಕ. ಅಪ್ಪ ಹೋದ ಮೇಲೆ ನನ್ನ ಮೇಲಿನ ಯಜಮಾನಿಕೆ ಮುಫರ್ರಿಹ್ ಚಿಕ್ಕಪ್ಪನದು, ನಿನಗೆ ಗೊತ್ತು. ಖಮೀಸ್ ರಸ್ತೆಯಲ್ಲಿ ಅವನದೊಂದು ಅಂಗಡಿ ಖಾಲಿ ಬಿದ್ದಿದೆ. ಅಲ್ಲಿ ಗ್ಯಾರೇಜ್ ಹಾಕುತ್ತೇನೆ ಅಂದೆ. ಅವನು ಗಡ್ಡ ಸವರಿಕೊಂಡು ಹೇಳಿದ್ದು ಇಷ್ಟು: "ರಂಜಾನ್ ಹಬ್ಬ ಆದ್ಮೇಲೆ ಬರೋ ಗುರುವಾರ ನನ್ನನ್ನ ನಿನ್ನ ಗಾಡೀಲಿ ಘಾಟಿ ಇಳಿಸಿ ಶುಕೈಕ್‌ಗೆ ಕರ್ಕೊಂಡು ಹೋಗು. ಸಮುದ್ರದ ಪಕ್ಕ ಕೂತು ಮೀನು ತಿನ್ನೋಣ. ಹೋಗಿ ಬರೋವರೆಗೂ ಒಂದೇ ಒಂದು ಸಲ ಬಾನೆಟ್ ಎತ್ತಬಾರದು. ಎತ್ತಿದ್ಯೋ, ಮಾರನೇ ದಿನ ನೀರಿನ ಕಚೇರೀಲಿ ಗುಮಾಸ್ತೆ ಕುರ್ಚಿ ಮೇಲೆ ಕೂತ್ಕೋ. ಮಾತಾಡಿ ಇಟ್ಟಿದೀನಿ."

ನನ್ನನ್ನು ಆ ಕುರ್ಚಿಯ ಮೇಲೆ ಊಹಿಸಿಕೋ. ಬೇಗ ಬರೆ. ನಮ್ಮ ಮನೆಗೆ ಫೋನ್ ತಂತಿ ಇನ್ನೂ ಬಂದಿಲ್ಲ. ಅಂಚೆ ಪೆಟ್ಟಿಗೆ ಚಿಕ್ಕಪ್ಪನದೇ, ಕಾಗದ ತಂದುಕೊಡುವವನೂ ಅವನೇ. ಆದ್ದರಿಂದ ಅವನ ಮೂಗಿನ ಬಗ್ಗೆ ಏನೂ ಬರೆಯಬೇಡ.

ನಿನ್ನ ತಮ್ಮ,
ಮುಶಬ್ಬಬ್


ಜೆದ್ದಾ, 5 ಮೇ 1986

ನನ್ನ ಮುದ್ದು ಕತ್ತೆಗೆ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿ ಗಟ್ಟಿಯಾಗಿ ಕಿರುಚಿದೆ. ಉಳಿದ ಟೀಚರುಗಳು ಮನೆಯಲ್ಲಿ ಮಗು ಹುಟ್ಟಿತೇ ಎಂದು ಕೇಳಿದರು. ಹೌದು, ಎಂಟು ಸಿಲಿಂಡರಿನ ಮಗು ಅಂದೆ!

ಐದು ಪೌಂಡಿನ ವಿಷಯ ಓದಿ ನನಗೂ ರೇಗಿತು. ಏಳು ಎಂದು ಹೇಳಿ ಐದು ಕೊಡುವುದೆಂದರೇನು? ನಾಳೆಯೇ ಅದ್ನಾನ್‌ನನ್ನು ಕಳಿಸುತ್ತೇನೆ. ನನ್ನ ಗಂಡ ಎಷ್ಟು ಗಟ್ಟಿ ಕುಳ ಎಂದು ನಿನಗೆ ಗೊತ್ತಲ್ಲ. ಹೋದ ತಿಂಗಳು ಕೆಟ್ಟ ಫ್ಯಾನ್ ವಾಪಸ್ ಕೊಡಲು ಹೋದವನು ಇನ್ನೊಂದು ಫ್ಯಾನ್ ಕೊಂಡು ಬಂದ. ಹಾಗಾಗಿ ಏನು ಬೈಯಬೇಕೆಂದು ಚೀಟಿ ಬರೆದು ಕೊಡುತ್ತಿದ್ದೇನೆ.

ಅಲ್ಲಿಯವರೆಗೆ ನೀನು ಏನನ್ನೂ ಬಿಚ್ಚಬೇಡ, ಏನನ್ನೂ ಬದಲಿಸಬೇಡ. ನನ್ನ ಮೇಲೆ ಆಣೆ.

ಘಾಲಿಯಾ


ಜೆದ್ದಾ, 12 ಮೇ 1986

ಮುಶಬ್ಬಬ್,

ಉಪವಾಸದ ಮೂರನೇ ದಿನ, ಸಂಜೆಯ ಸಾರು ಒಲೆಯ ಮೇಲಿದೆ. ನಾನು ಇಲ್ಲಿ ಕಾಗದ, ಪೆನ್ಸಿಲ್ ಹಿಡಿದು ಒಬ್ಬಳೇ ಕುಣಿಯುತ್ತಿದ್ದೇನೆ. ಯಾರೂ ನಿನಗೆ ಮೋಸ ಮಾಡಿಲ್ಲ! ನಿನ್ನ ಐದೇ ಇಲ್ಲಿನ ಏಳು!

ಅದ್ನಾನ್ ಚೀಟಿ ಹಿಡಿದು ಹೋದ. ಬಾವಜೀರ್ ಮುದುಕ ಪೂರ್ತಿ ಕೇಳಿಸಿಕೊಂಡು, "ಹುಡುಗ ಎಲ್ಲಿರೋದಪ್ಪಾ?" ಅಂದನಂತೆ. ಅಭಾ ಅಂದ ಇವನು. "ಅಲ್ಲಿ ಮಾಂಸ ಬೇಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಿನ್ನ ಹೆಂಡ್ತೀನ ಕೇಳು, ಹೋಗು. ಏಳು ಪೌಂಡ್ ಅನ್ನೋದು ಸಮುದ್ರಮಟ್ಟದ ಲೆಕ್ಕ, ಕಾಗದದಲ್ಲೇ ಬರ್ದಿದೆ. ಒಬ್ಬನಾದ್ರೂ ಓದಿದ್ರೆ ಕೇಳು." ಅದ್ನಾನ್ ಮನೆಗೆ ಬಂದು ಹೇಳಿದ, ಕೈಯಲ್ಲಿ ಕಾರಿಗೆ ಹೊಸ ಕಾಲೊರಸು ಬೇರೆ.

ಮದುವೆಯಾಗಿ ಜೆದ್ದಾಕ್ಕೆ ಬಂದ ಮೊದಲ ವಾರ ನಾನು ಕುರಿಮಾಂಸವನ್ನು ನಮ್ಮ ಬೆಟ್ಟದ ಹೊತ್ತಿನ ಲೆಕ್ಕದಲ್ಲಿ ಬೇಯಿಸಿ ಅಂಟು ಮಾಡಿಬಿಟ್ಟಿದ್ದೆ. ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಪ್ರತಿ ವರ್ಷ ಗಾಳಿಯ ಒತ್ತಡದ ಪಾಠ ಮಾಡುವ ನನಗೆ ಅದು ಹೊಳೆಯಲಿಲ್ಲವಲ್ಲ, ನಾಚಿಕೆಯಾಗುತ್ತದೆ.

ಕೇಳು. ಜೆದ್ದಾದಲ್ಲಿ ಗಾಳಿ ತನ್ನಷ್ಟಕ್ಕೆ ತಾನೇ ಹದಿನಾಲ್ಕು ಮುಕ್ಕಾಲು ಪೌಂಡ್ ಒತ್ತುತ್ತದೆ. ನಮ್ಮ ಅಭಾದಲ್ಲಿ ಹನ್ನೊಂದು ಕಾಲು ಮಾತ್ರ, ಅಲ್ಲಿ ಗಾಳಿ ತೆಳು, ಅದಕ್ಕೇ ಅಲ್ಲಿ ಮಾಂಸ ಬೇಯುವುದೂ ನಿಧಾನ. ನಿನ್ನ ಯಂತ್ರಕ್ಕೆ ಏಳು, ಐದು ಎಂಬ ಸಂಖ್ಯೆ ಗೊತ್ತೇ ಇಲ್ಲ. ಸಿಕ್ಕಿದ ಗಾಳಿಯ ಮೇಲೆ ಸುಮಾರು ಅದರರ್ಧ ಸೇರಿಸುವುದಷ್ಟೇ ಅದಕ್ಕೆ ಗೊತ್ತು. ಹದಿನಾಲ್ಕು ಮುಕ್ಕಾಲಿನ ಅರ್ಧ ಏಳು ಚಿಲ್ಲರೆ. ಹನ್ನೊಂದು ಕಾಲಿನ ಅರ್ಧ ಐದು ಚಿಲ್ಲರೆ. ಮೀಟರು ತೋರಿಸುವುದು ಆ ಸೇರಿಸಿದ್ದನ್ನು ಮಾತ್ರ. ನಿನ್ನ ಸೂಪರ್‌ಚಾರ್ಜರ್ ಅಪ್ಪಟ ಚಿನ್ನ. ಮುಟ್ಟಬೇಡ, ಹಾಗೇ ಓಡಿಸು, ಗುರುವಾರ ಗೆದ್ದುಬಾ!

ಸಾರು ಉಕ್ಕಿತು. ಹೋಗಲಿ ಬಿಡು.

ಘಾಲಿಯಾ


ಅಭಾ, 13 ಮೇ 1986

ಅಕ್ಕ,

ನೀನು ಬೈಸುತ್ತೇನೆ ಎಂದು ಬರೆದ ಕಾಗದ ಮಾತ್ರ ಬಂದಿದೆ. ಇನ್ನು ಬೈಯುವುದು ಬೇಡ, ಭಾವನನ್ನು ವಾಪಸ್ ಕರೆಸು. ಎಂಟು ಅಕ್ಕ, ಎಂಟು! ನಿನ್ನೆಯಿಂದ ಮುಳ್ಳು ಎಂಟಕ್ಕೆ ಹೋಗಿ ನಿಲ್ಲುತ್ತಿದೆ! ಬೆಲ್ಟ್ ಸ್ವಲ್ಪ ಸಡಿಲ ಇತ್ತು, ಬಿಗಿ ಮಾಡಿದೆ, ಅಷ್ಟೇ. ಡಬ್ಬಿಯವನು ಹೇಳಿದ್ದಕ್ಕಿಂತ ಒಂದು ಜಾಸ್ತಿ!

ಉಪವಾಸ ಬಿಡುವ ಮೊದಲು ಖಮೀಸ್ ರಸ್ತೆಯಲ್ಲಿ ಒಂದು ಸುತ್ತು ಹೋದೆ. ಹೊಟ್ಟೆ ಖಾಲಿ, ಆದರೆ ಹಸಿವೇ ಇಲ್ಲ. ಹಿಂದೆ ಕೂತ ಗೆಳೆಯ ಫಾಯಿ ಕೂಗಿದ, "ಲೋ, ನಿಲ್ಸೋ, ನನ್ನ ತಲೆವಸ್ತ್ರ ಕಿಟಕಿಯಿಂದ ಹಾರಿಹೋಯ್ತು!" ನಾನು ನಿಲ್ಲಿಸಲಿಲ್ಲ. ಅವನ ತಲೆವಸ್ತ್ರ ಇವತ್ತು ಯಾವುದೋ ಕೋತಿಯ ತಲೆಯ ಮೇಲಿದೆ ಎಂದು ಊರೆಲ್ಲ ನಗುತ್ತಿದೆ.

ಗ್ಯಾರೇಜಿಗೆ ಏನು ಹೆಸರಿಡಲಿ, ಯೋಚಿಸು.

ಮುಶಬ್ಬಬ್


ಜೆದ್ದಾ, 19 ಮೇ 1986

ತಮ್ಮಾ,

ನಿನ್ನ ಎಂಟನ್ನು ಓದಿ ಮೊದಲು ನಕ್ಕೆ. ಮೀಟರು ಕೆಟ್ಟಿರಬೇಕು ಅಂದುಕೊಂಡೆ. ಆಮೇಲೆ ಕಾಗದ ತೆಗೆದು ಲೆಕ್ಕ ಹಾಕಿದೆ, ನಗು ನಿಂತುಹೋಯಿತು.

ಬೆಲ್ಟ್ ಬಿಗಿ ಮಾಡಿದರೆ ಐದು ಎಂಟಾಗುವುದಿಲ್ಲ. ನೀನು ಏನು ಮಾಡಿದೆ? ನಿಜ ಹೇಳು. ಬಾವಜೀರ್ ಹತ್ತಿರ ಅದ್ನಾನ್‌ನನ್ನು ಮತ್ತೆ ಕಳಿಸಿ ಕೇಳಿಸಿದೆ. ಸೂಪರ್‌ಚಾರ್ಜರಿನ ಬೆಲ್ಟು ಸುತ್ತುವ ಪುಲ್ಲಿ ತೆಗೆದು ಚಿಕ್ಕ ಪುಲ್ಲಿ ಹಾಕಿದರೆ ಅದು ಇನ್ನೂ ಜೋರಾಗಿ ತಿರುಗುತ್ತದಂತೆ, ಆಗ ಹೀಗಾಗುತ್ತದಂತೆ. ಬೆಟ್ಟದಿಂದ ಬರುವವರು ಎಲ್ಲರೂ ಮಾಡುವ ತಪ್ಪು ಅದೇ ಅಂದನಂತೆ.

ಅಭಾದಲ್ಲಿ ಎಂಟು ಬಂದರೆ ತೊಂದರೆಯಿಲ್ಲ, ಒಪ್ಪುತ್ತೇನೆ. ಅಲ್ಲಿನ ತೆಳು ಗಾಳಿಗೆ ಎಂಟು ಸೇರಿಸಿದರೂ ಒಟ್ಟು ಒತ್ತಡ ಇಲ್ಲಿನ ಏಳಕ್ಕಿಂತ ಕಡಿಮೆಯೇ. ಆದರೆ ಅದೇ ಪುಲ್ಲಿ ಇಟ್ಟುಕೊಂಡು ನೀನು ಘಾಟಿ ಇಳಿದರೆ, ಕೆಳಗೆ ಗಾಳಿ ದಪ್ಪವಾಗುತ್ತದೆ. ಶುಕೈಕ್‌ನಲ್ಲಿ ಮುಳ್ಳು ಹತ್ತೂವರೆಗೆ ಹೋಗುತ್ತದೆ. ಜೂನ್ ತಿಂಗಳ ಬಿಸಿಲು ಬೇರೆ. ಬಿಸಿ ಗಾಳಿಯನ್ನು ಅಷ್ಟು ಒತ್ತಿದರೆ ಪೆಟ್ರೋಲು ತನ್ನ ಸರದಿ ಬರುವ ಮೊದಲೇ ಸಿಡಿಯುತ್ತದೆ, ಪಿಸ್ಟನ್ ತೂತಾಗುತ್ತದೆ. ಅಪ್ಪನ ಎಂಜಿನ್ ಅದು, ಮುಶಬ್ಬಬ್. ಹಳೇ ಪುಲ್ಲಿ ವಾಪಸ್ ಹಾಕು. ಈಗಲೇ.

ಘಾಲಿಯಾ


ಅಭಾ, 26 ಮೇ 1986

ಅಕ್ಕನಿಗೆ,

ನಿನ್ನ ಎರಡೂ ಕಾಗದ ಓದಿದೆ. ನೀನು ಮೊದಲು ಬಾವಜೀರ್ ಕಳ್ಳ ಅಂದೆ. ಆಮೇಲೆ ಚಿನ್ನ ಅಂದೆ. ಈಗ ನನ್ನನ್ನು ಸುಳ್ಳುಗಾರ ಅನ್ನುತ್ತಿದ್ದೀಯ. ಬೆಲ್ಟ್ ಬಿಗಿ ಮಾಡಿದೆ ಅಂದರೆ ಬೆಲ್ಟ್ ಬಿಗಿ ಮಾಡಿದೆ.

ಅದೇ ಕಾರು, ಅದೇ ಬೆಲ್ಟು, ಅದೇ ನಾನು. ಒಂದು ಗಂಟೆ ಇಳಿಜಾರು ಇಳಿದರೆ ಎಂಟು ಹತ್ತೂವರೆ ಆಗುತ್ತದೆಯೇ? ಇಲ್ಲಿ ಎಲ್ಲರಿಗೂ ಹೇಳಿದೆ, ಎಲ್ಲರೂ ನಕ್ಕರು. ಐದರಲ್ಲಿ ಓಡಿಸಿದ್ದೇನೆ, ಎಂಟರಲ್ಲಿ ಓಡಿಸಿದ್ದೇನೆ, ವ್ಯತ್ಯಾಸ ನನ್ನ ಬೆನ್ನಿಗೆ ಗೊತ್ತು. ನೀನು ಬೋರ್ಡಿನ ಮೇಲೆ ಎಷ್ಟು ಬೇಕಾದರೂ ಬರೆ. ಜನ್ಮದಲ್ಲಿ ಒಂದು ದಿನ ಸ್ಟೀರಿಂಗ್ ಹಿಡಿಯದವಳು ನನಗೆ ಗಾಡಿ ಹೇಳಿಕೊಡುವುದು ಬೇಡ.

ಅಮ್ಮ ಕ್ಷೇಮ.

ಮುಶಬ್ಬಬ್


ಜೆದ್ದಾ, 2 ಜೂನ್ 1986

ಮುಶಬ್ಬಬನಿಗೆ,

ನಾನು ಸ್ಟೀರಿಂಗ್ ಹಿಡಿದಿಲ್ಲ, ನಿಜ. ಹಿಡಿಯಲು ಬಿಟ್ಟವರಾರು ಎಂದು ನೀನು ಕೇಳಬಹುದಿತ್ತು, ಕೇಳಲಿಲ್ಲ.

ನೀನು ಈ ಕಾಗದವನ್ನು ಒಡೆಯದೆ ಮೂಲೆಗೆ ಎಸೆಯಬಹುದು. ಅದಕ್ಕೇ ಬೇಕಾದ್ದನ್ನು ಲಕೋಟೆಯ ಹೊರಗೇ ಬರೆದಿದ್ದೇನೆ. ಮೂರು ಸಾಲು: ಅಭಾ ಎಂಟು, ಘಾಟಿಯ ನಡುವೆ ಒಂಬತ್ತು, ಶುಕೈಕ್ ಹತ್ತೂವರೆ. ಅದನ್ನು ಕತ್ತರಿಸಿ ಮೀಟರಿನ ಪಕ್ಕ ಅಂಟಿಸಿಕೋ. ಇಳಿಯುವಾಗ ಅಲ್ಲಲ್ಲಿ ಒಂದು ಕ್ಷಣ ಕಾಲು ಒತ್ತಿ ನೋಡು. ನಡುದಾರಿಯಲ್ಲಿ ಒಂಬತ್ತು ಬರದಿದ್ದರೆ ನಾನು ಸುಳ್ಳಿ, ಇನ್ನು ಮುಂದೆ ನಿನಗೆ ಏನೂ ಹೇಳುವುದಿಲ್ಲ. ಬಂದರೆ ಮುಂದೇನು ಮಾಡಬೇಕೆಂದು ನಿನಗೆ ಗೊತ್ತಿದೆ.

ಹಬ್ಬದ ಶುಭಾಶಯ. ಅಮ್ಮನ ಕೈಗೆ ನನ್ನ ಮುತ್ತು.

ಘಾಲಿಯಾ


ಅಭಾ, 14 ಜೂನ್ 1986

ಅಕ್ಕ, ಅಕ್ಕ, ಅಕ್ಕ!

ಎಲ್ಲಿಂದ ಶುರು ಮಾಡಲಿ? ಮೊದಲು ಬಯ್ಯಿ, ಬೈದು ಮುಗಿಸಿ ಮುಂದೆ ಓದು. ಸುಳ್ಳು ಹೇಳಿದ್ದೆ. ಬೆಲ್ಟ್ ಅಲ್ಲ, ಪುಲ್ಲಿಯೇ. ಲೇತ್ ಅಂಗಡಿಯ ಯೆಮನಿಯ ಹತ್ತಿರ ಚಿಕ್ಕದು ಕಡೆಸಿದ್ದೆ. ಬದಲಿಸಬೇಡ ಎಂದು ನೀನು ಆಣೆ ಹಾಕಿದ ಕಾಗದ ಬಂದ ದಿನವೇ ಅದು ತಯಾರಾಗಿ ಬಂತು. ಹೇಳಲು ಬಾಯಿ ಬರಲಿಲ್ಲ. ಸ್ಟೀರಿಂಗ್ ಮಾತು ಬರೆದ ಕೈಯನ್ನು ಆವತ್ತಿನಿಂದ ಬೈದುಕೊಳ್ಳುತ್ತಿದ್ದೇನೆ. ಕ್ಷಮಿಸು.

ಲಕೋಟೆಯನ್ನು ನಾನು ಅಂಟಿಸಿಕೊಳ್ಳಲಿಲ್ಲ. ಸಿಟ್ಟಿನಲ್ಲಿ ಒಳಗಿನ ಹಾಳೆ ಮಾತ್ರ ಓದಿ ಲಕೋಟೆ ಎಸೆದಿದ್ದೆ. ಆದರೆ ಮೂರು ಸಂಖ್ಯೆ ತಲೆಗೆ ಅಂಟಿಕೊಂಡಿದ್ದವು. ಹಾಗಾಗಿ ಹೊರಡುವ ಮುನ್ನ, ಯಾಕೋ ಏನೋ, ಹಳೇ ಪುಲ್ಲಿಯನ್ನು ಡಿಕ್ಕಿಗೆ ಹಾಕಿಕೊಂಡೆ.

ಗುರುವಾರ ಬೆಳಿಗ್ಗೆ ಚಿಕ್ಕಪ್ಪ ಹೊಸ ಅಂಗಿ ತೊಟ್ಟು, ಕಾಫಿ ಫ್ಲಾಸ್ಕು, ಖರ್ಜೂರದ ಡಬ್ಬಿ ಹಿಡಿದು ಮುಂದಿನ ಸೀಟಿನಲ್ಲಿ ಕೂತ. ಊರ ಹೊರಗೆ ಒಂದು ಸಲ ಒತ್ತಿದೆ, ಎಂಟು. ಅವನ ಖರ್ಜೂರ ಗಂಟಲಲ್ಲಿ ನಿಂತಿತು. "ಮೆಲ್ಲಗೆ ಕಣೋ, ನನಗೆ ಇನ್ನೂ ಇಬ್ಬರು ಹೆಣ್ಮಕ್ಕಳ ಮದುವೆ ಮಾಡೋದಿದೆ!" ಅಂದ, ಆದರೆ ನಗುತ್ತಿದ್ದ ಅಕ್ಕ, ನಾನು ನೋಡಿದೆ!

ಘಾಟಿ ಇಳಿದೆವು. ಸುರಂಗಗಳಾದ ಮೇಲೆ ಸ್ವಲ್ಪ ನೇರ ರಸ್ತೆ ಬರುತ್ತದಲ್ಲ, ಕೋತಿಗಳು ಸಾಲಾಗಿ ಕೂರುವ ಜಾಗ, ಅಲ್ಲಿ ಒತ್ತಿದೆ. ಒಂಬತ್ತು. ಇನ್ನೊಮ್ಮೆ ಒತ್ತಿದೆ, ಮತ್ತೆ ಒಂಬತ್ತು! ಹೆದರಿಕೆ ಆಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ನನಗೆ ಆದದ್ದು ಖುಷಿ. ನೀನು ಏಳುನೂರು ಕಿಲೋಮೀಟರು ದೂರದಲ್ಲಿ ಸಾರಿನ ಪಾತ್ರೆ ಪಕ್ಕ ಕೂತು ಬರೆದ ಜಾಗದಲ್ಲೇ ನನ್ನ ಮುಳ್ಳು ಹೋಗಿ ನಿಂತಿತ್ತು.

ಕೆಳಗೆ ಒಲೆಯ ಮುಂದೆ ಕೂತಂಥ ಶೆಕೆ. ಘಾಟಿಯ ಬುಡದ ದರ್ಬ್ ಊರು ದಾಟಿ ಸಮುದ್ರದ ಕಡೆಯ ರಸ್ತೆಯಲ್ಲಿ ಒಂದೇ ಒಂದು ಬಿಸ್ಮಿಲ್ಲಾ ಹೇಳುವಷ್ಟು ಹೊತ್ತು ಒತ್ತಿದೆ. ಹತ್ತು ದಾಟಿತು, ಹತ್ತೂವರೆ. ಜೊತೆಗೇ ಎಂಜಿನ್ನಿನೊಳಗೆ ಕಾಫಿ ಬೀಜ ಹುರಿದಂತೆ ಚಟಪಟ. ಕಾಲು ಕಿತ್ತುಕೊಂಡೆ.

"ಯಾಕೋ ಬಿಟ್ಟೆ?" ಅಂದ ಚಿಕ್ಕಪ್ಪ.

"ಹೀಗೇ. ಮೆಲ್ಲಗೆ ಹೋಗೋಣ ಚಿಕ್ಕಪ್ಪ."

ಅಷ್ಟರಲ್ಲಿ ಆಡುಗಳನ್ನು ತುಂಬಿಕೊಂಡ ಒಂದು ಮುರುಕು ಪಿಕಪ್ ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಡ್ರೈವರ್ ಕೈ ಬೇರೆ ಬೀಸಿದ. ಆಡುಗಳೂ ನಮ್ಮನ್ನೇ ನೋಡುತ್ತಿದ್ದವು.

"ಆಡು ಮುಂದೆ ಹೋಯ್ತಲ್ಲೋ! ಇದೇನಾ ನಿನ್ನ ಗಾಡಿ? ಒತ್ತು. ಅವನನ್ನ ಹಿಂದೆ ಹಾಕು."

"ಆಗಲ್ಲ ಚಿಕ್ಕಪ್ಪ."

"ಆಗಲ್ವಾ? ಹಾಗಾದ್ರೆ ನೀರಿನ ಕಚೇರಿ ಕುರ್ಚಿ ನಿನಗೇ ಕಾಯ್ತಿದೆ. ಓಡದೇ ಇರೋ ಗಾಡೀನ ನಂಬಿ ನಾನು ಅಂಗಡಿ ಕೊಡ್ಲಾ? ಒತ್ತೋ!"

ಒತ್ತಿದರೆ ಅಪ್ಪನ ಎಂಜಿನ್ ಹೋಗುತ್ತಿತ್ತು. ಒತ್ತದಿದ್ದರೆ ಅಂಗಡಿ. ಬಾನೆಟ್ ಎತ್ತಿ ಪುಲ್ಲಿ ಬದಲಿಸಿದರೂ ಅಂಗಡಿ. ನನ್ನ ಕಣ್ಣಲ್ಲಿ ನೀರು ಬಂತು ಅಕ್ಕ, ಬೆವರು ಎಂದು ಒರೆಸಿಕೊಂಡೆ. ಒಂದು ಜಾಲಿ ಮರ ನೋಡಿ ರಸ್ತೆ ಬದಿಗೆ ನಿಲ್ಲಿಸಿದೆ. ಇಳಿದೆ. ಅವನು ನೋಡುತ್ತಿದ್ದ ಹಾಗೇ ಬಾನೆಟ್ ಎತ್ತಿದೆ.

ಚಿಕ್ಕಪ್ಪನೂ ಇಳಿದ. ಮರದ ಕೆಳಗೆ ಕಂಬಳಿ ಹಾಸಿ ಕೂತು ಕಾಫಿ ಬಗ್ಗಿಸಿಕೊಂಡ. ಸುಡುವ ಎಂಜಿನ್ನಿನ ಮೇಲೆ ಕೈ ಎರಡು ಕಡೆ ಬೊಬ್ಬೆ ಎದ್ದರೂ ಮುಕ್ಕಾಲು ಗಂಟೆಯಲ್ಲಿ ಹಳೇ ಪುಲ್ಲಿ ಹಾಕಿ ಮುಗಿಸಿದೆ. ಕೊನೆಗೆ ಅವನೇ ಎದ್ದು ಬಂದು ನನ್ನ ಕೈಗೆ ನೀರು ಹೊಯ್ದ. ಆಮೇಲೆ ಹೊರಟೆವು. ಒತ್ತಿದೆ, ಏಳು! ಸರಿಯಾಗಿ ಏಳು, ಚಟಪಟ ಇಲ್ಲ, ಏನಿಲ್ಲ! ಶುಕೈಕ್ ಹತ್ತಿರ, ಆಡುಗಳಿಗೆ ನೀರು ಕುಡಿಸಿ ಆಗಷ್ಟೇ ಮತ್ತೆ ಹೊರಟಿದ್ದ ಆ ಪಿಕಪ್ಪನ್ನು ಹಿಡಿದು ಹೇಗೆ ದಾಟಿದೆ ಎಂದರೆ, ಚಿಕ್ಕಪ್ಪ ಕಿಟಕಿಯಿಂದ ಅರ್ಧ ಹೊರಗೆ ಬಂದು ಡ್ರೈವರಿಗೆ ಕೈ ಬೀಸಿದ!

ಮೀನು ತಿಂದೆವು. ಅಂಗಡಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ಘಾಟಿ ಹತ್ತಿ ಅಭಾ ಮುಟ್ಟಿದಾಗ ಅವನು, "ಈಗ ಒತ್ತು ನೋಡೋಣ" ಅಂದ. ಒತ್ತಿದೆ. ಐದು. "ಐದು," ಅಂದ ಅವನೂ, ಜೇಬಿನಿಂದ ಏನೋ ತೆಗೆದ. ನಿನ್ನ ಲಕೋಟೆ! ಅಮ್ಮನ ಕಸದ ಬುಟ್ಟಿಯಿಂದ ಎತ್ತಿ ಇಟ್ಟುಕೊಂಡಿದ್ದನಂತೆ.

"ಅಂಚೆ ಪೆಟ್ಟಿಗೆಯಿಂದ ತಂದೋನು ನಾನೇ ಅಲ್ವೇನೋ. ಅಂಕಿ ಓದೋಕೆ ನನಗೂ ಬರುತ್ತೆ. ಹತ್ತೂವರೆ ಅಂದ್ರೆ ಏನಾಗುತ್ತೆ ಅಂತ ಖಮೀಸ್ ಮೆಕ್ಯಾನಿಕ್‌ಗಳನ್ನ ಕೇಳಿಕೊಂಡು ಬಂದಿದ್ದೆ. ಅಲ್ಲಿ ನೀನು ಒತ್ತಿದ್ರೆ ಎಂಜಿನ್ ಆಫ್ ಮಾಡೋಕೆ ನನ್ನ ಕೈ ಕೀ ಹತ್ರಾನೇ ಇತ್ತು."

ಖಮೀಸ್ ರಸ್ತೆಯಲ್ಲಿ ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಹೇಳಿದ. ಷಟರ್ ತಾನೇ ಎತ್ತಿದ. ಒಳಗೆ ಧೂಳು, ಒಂದು ಹಳೇ ಮೇಜು. ನಾನು ಕುಣಿಯಲು ಶುರು ಮಾಡಿದೆ. ಅವನು ಕೀಲಿಯನ್ನು ವಾಪಸ್ ಜೇಬಿಗೆ ಹಾಕಿಕೊಂಡ.

"ನಿನ್ನ ಕುಣಿತ ನಿಲ್ಸು. ಬಾನೆಟ್ ಎತ್ತಿದ್ಯೋ ಇಲ್ವೋ?"

"ಎತ್ತಿದೆ."

"ಮಾತು ಅಂದ್ರೆ ಮಾತು. ಅಂಗಡಿ ನಿನಗಿಲ್ಲ. ಗಾಡಿ ನೋಡದೇ ಗಾಡಿ ಒಳಗೆ ಏನಿದೆ ಅಂತ ಹೇಳಿದೋಳಿಗೆ ಕೊಡ್ತೀನಿ. ಅವಳು ಬಾ ಅಂದ್ರೆ ಬಾ, ಬೇಡ ಅಂದ್ರೆ ನೀರಿನ ಕಚೇರಿಗೆ ಹೋಗು."

ಅವನು ಕೋರ್ಟಿಗೆ ಹೋಗಿ ಬರೆಸಿಕೊಂಡೂ ಬರುತ್ತಾನಂತೆ, ನಿನ್ನ ಹೆಸರಿಗೆ. ಈ ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುತ್ತಿರುವುದು ಅದರ ಕೀಲಿ. ಅಕ್ಕ, ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೀಯಾ?

ಮುಶಬ್ಬಬ್


ಜೆದ್ದಾ, 19 ಜೂನ್ 1986

ಮುಶಬ್ಬಬ್,

ಕೀಲಿಯನ್ನು ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆಯವರು ಓಡಿ ಬಂದರು, ಮತ್ತೆ ಮಾಂಸ ಅಂಟಾಯಿತೇ ಎಂದು ಕೇಳಿದರು. ನನಗೆ ಒಂದು ಅಂಗಡಿ ಬಂದಿದೆ, ಕಾರಿನ ಅಂಗಡಿ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಬ್ಬಿಕೊಂಡರು. ಎಷ್ಟು ಖುಷಿಯಾಗಿದೆ ಎಂದು ಬರೆಯಲು ನನಗೆ ಬರುತ್ತಿಲ್ಲ. ಸ್ಟೀರಿಂಗ್ ಮಾತು ನನಗೆ ತುಂಬಾ ನೋವು ಮಾಡಿತ್ತು, ಅದನ್ನೂ ಈಗ ಹೇಳಿಬಿಡುತ್ತೇನೆ. ಮೂರು ರಾತ್ರಿ ನಿದ್ದೆ ಬರಲಿಲ್ಲ. ಈಗ ಇಲ್ಲ ಆ ನೋವು.

ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ನನ್ನ ಮೊದಲ ಹುಕುಂ: ಯಾರ ಗಾಡಿ ಬಂದರೂ ಸ್ಪ್ಯಾನರ್ ಎತ್ತುವ ಮೊದಲು, "ಇದನ್ನು ಎಲ್ಲಿ ಓಡಿಸುತ್ತೀರಿ, ಮೇಲೋ ಕೆಳಗೋ?" ಎಂದು ಕೇಳಬೇಕು. ಉತ್ತರ ಬರೆದುಕೊಳ್ಳಬೇಕು. ಎರಡೂ ಕಡೆ ಓಡಿಸುವವರಿಗೆ ಕೆಳಗಿನ ಲೆಕ್ಕದ ಪುಲ್ಲಿ. ತಕರಾರು ಮಾಡುವವರನ್ನು ನನಗೆ ಕಾಗದ ಬರೆಯಲು ಹೇಳು.

ಎರಡನೇ ಹುಕುಂ: ಕೀಲಿಯನ್ನು ನಾನು ಅಂಚೆಯಲ್ಲಿ ವಾಪಸ್ ಕಳಿಸುವುದಿಲ್ಲ. ಅಂಗಡಿ ತೆಗೆಯಬೇಕಿದ್ದರೆ ಕ್ಯಾಪ್ರಿಸ್ ತೆಗೆದುಕೊಂಡು ಜೆದ್ದಾಕ್ಕೆ ಬಾ. ಶಾಲೆಗೆ ರಜೆ ಬಂದಿದೆ. ಅದ್ನಾನ್ ಹಿಂದಿನ ಸೀಟಿನಲ್ಲಿ ಕೂರುತ್ತಾನೆ, ಒಪ್ಪಿಸಿದ್ದೇನೆ. ಮುಂದಿನ ಸೀಟು ನನ್ನದು. ಕಡಲ ಬದಿಯ ರಸ್ತೆಯಲ್ಲಿ ಹೋಗೋಣ, ದರ್ಬ್‌ನಿಂದ ಘಾಟಿ ಹತ್ತೋಣ. ಅಲ್ಲಲ್ಲಿ ನಾನು ಹೇಳಿದಾಗ ನೀನು ಒತ್ತಬೇಕು, ನಾನು ಸಾಕು ಅನ್ನುವವರೆಗೆ ಕಾಲು ತೆಗೆಯಬಾರದು.

ಏಳರಿಂದ ಐದರವರೆಗಿನ ಪ್ರತಿ ಗೀಟೂ ನನಗೆ ಬಾಯಿಪಾಠ. ಆದರೆ ಆ ಮುಳ್ಳನ್ನು ನಾನು ಇನ್ನೂ ಒಂದು ಸಲವೂ ನೋಡಿಲ್ಲ ಕಣೋ.

ಘಾಲಿಯಾ